ನೆತ್ತಿಯ ಮೇಲೊಂದು ನಾಡಿ

ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರ ನರಶಸ್ತ್ರಚಿಕಿತ್ಸೆ ಓಪಿಡಿ, ಸೋಮವಾರ ಬೆಳಿಗ್ಗೆ. ಕಾರಿಡಾರಿನ ಉದ್ದಕ್ಕೂ ಬೆಂಚು, ಬೆಂಚು ಮುಗಿದ ಮೇಲೆ ನೆಲ. ರಾತ್ರಿ ಬಸ್ಸಿಗೆ ಬಂದವರು ಗೋಡೆಗೆ ಒರಗಿ ತೂಕಡಿಸುತ್ತಿದ್ದಾರೆ. ಸ್ಕ್ಯಾನಿಂಗ್ ಫಿಲ್ಮುಗಳ ದೊಡ್ಡ ಕವರುಗಳು ಜವಳಿ ಅಂಗಡಿಯ ಚೀಲಗಳಲ್ಲಿ ಭದ್ರವಾಗಿವೆ. ಒಬ್ಬರ ಕೈಯಲ್ಲಿ ಚೀಟಿ, ಇನ್ನೊಬ್ಬರ ಕೈಯಲ್ಲಿ ಹಳೇ ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆ. ಮಡಿಕೆಯ ಗೆರೆಯಲ್ಲಿ ಅಕ್ಷರಗಳೇ ಅಳಿಸಿಹೋಗಿವೆ. ಒಳಗೆ ಎರಡು ಮೇಜು, ನಾಲ್ವರು ಡಾಕ್ಟರು. ಮಾತಾಡುವವರು ಎಲ್ಲರೂ, ಕೇಳಿಸಿಕೊಳ್ಳುವುದು ಕಷ್ಟ.

ಶಿರಾ ಕಡೆಯ ಹುಡುಗನೊಬ್ಬ ತಾಯಿಯ ಹಿಂದೆ ಬಂದ. ಪಿಯುಸಿ ಓದುವ ವಯಸ್ಸು. ಬೇಸಿಗೆಯ ಬಿಸಿಲಿನಲ್ಲೂ ತಲೆಗೆ ಉಣ್ಣೆಯ ಟೋಪಿ.

"ಟೋಪಿ ತೆಗಿಯಪ್ಪಾ" ಅಂದರು ಡಾಕ್ಟರು.

ಅವನು ತಾಯಿಯ ಮುಖ ನೋಡಿದ. ಆಕೆಯೇ ತೆಗೆದರು.

ಬಲಗಿವಿಯ ಮುಂದಿನಿಂದ ಹೊರಟು, ಕಣತಲೆ ದಾಟಿ, ನೆತ್ತಿಯ ತನಕ ಕೂದಲಿನ ಕೆಳಗೆ ಏನೋ ಸುರುಳಿ ಸುತ್ತಿಕೊಂಡು ಮಲಗಿತ್ತು. ಅಂಕುಡೊಂಕಾದ, ಕಿರುಬೆರಳು ದಪ್ಪದ ರಕ್ತನಾಳಗಳು ಒಂದರ ಮೇಲೊಂದು ಹಾದು ಹೋಗಿದ್ದವು. ಎದೆ ಬಡಿದ ಹಾಗೆಲ್ಲ ಅವೂ ಮಿಡಿಯುತ್ತಿದ್ದವು. ಮೇಲಿನ ಕೂದಲು ಅಲುಗುವುದು ಎರಡು ಮಾರು ದೂರದಲ್ಲಿ ಕುಳಿತ ನನಗೂ ಕಾಣುತ್ತಿತ್ತು.

"ಹುಟ್ಟಿದಾಗ ಗುಲಗಂಜಿಯಷ್ಟು ಕೆಂಪಗಿತ್ತು ಸಾರ್. ಎಣ್ಣೆ ಹಚ್ಚುವಾಗ ಕೈಗೆ ಸಿಗ್ತಿತ್ತು. ಎಂಟನೇ ಕ್ಲಾಸಿಗೆ ಬಂದ ಮೇಲೆ ಬೆಳೆಯೋಕೆ ಶುರುವಾಯ್ತು."

"ನೋವಿದೆಯೇನಪ್ಪಾ?"

"ನೋವಿಲ್ಲ ಸಾರ್. ಸದ್ದು" ಎಂದ ಹುಡುಗ. "ಆ ಕಡೆ ಒರಗಿ ಮಲಗಿದ್ರೆ ನಿದ್ದೆನೇ ಬರಲ್ಲ."

"ಎರಡು ವರ್ಷದಿಂದ ಇದೇ ಹೇಳ್ತಾನೆ ಸಾರ್. ಓದೋಕೆ ಆಗದೆ ನೆಪ ಹೇಳ್ತಾನೆ ಅಂತ ನಾವು ಸುಮ್ಮನಿದ್ವಿ."

ಡಾಕ್ಟರು ಆ ಸುರುಳಿಯ ಮೇಲೆ ಮೂರು ಬೆರಳು ಹಗುರವಾಗಿ ಇಟ್ಟರು. ಮಿಡಿತದ ಜೊತೆಗೆ ಎಡೆಬಿಡದ ಒಂದು ನಡುಕ. ಆಮೇಲೆ ಸ್ಟೆತಸ್ಕೋಪ್ ಇಟ್ಟು ಅರೆ ನಿಮಿಷ ಕೇಳಿದರು. ಕೇಳಿ, ಕಿವಿಯ ತುದಿಗಳನ್ನು ತೆಗೆದು ಆ ತಾಯಿಗೆ ಕೊಟ್ಟರು. "ನೀವೂ ಕೇಳಿಸ್ಕೊಳ್ಳಿ ಅಮ್ಮಾ." ಆಕೆ ಸೆರಗು ಸರಿಮಾಡಿಕೊಂಡು ಕಿವಿಗಿಟ್ಟುಕೊಂಡರು. "ಅಯ್ಯೋ, ಹಿಟ್ಟಿನ ಮಿಷನ್ ಓಡ್ದಂಗೈತಲ್ಲ ಸಾರ್!" ಎಂದವರು ಮಗನ ಬೆನ್ನ ಮೇಲೆ ಕೈಯಿಟ್ಟರು. ವೈದ್ಯರ ಪುಸ್ತಕಗಳಲ್ಲಿ ಈ ಸದ್ದಿಗೆ ಬಳಸುವ ಮಾತೂ ಹೆಚ್ಚುಕಡಿಮೆ ಇದೇ.

ಸ್ಕ್ಯಾನಿಂಗ್ ಇನ್ನೂ ಆಗಿಲ್ಲ, ರಕ್ತ ಪರೀಕ್ಷೆಯಿಲ್ಲ. ಆದರೂ ಅರ್ಧ ಕಾಯಿಲೆ ಗೊತ್ತಾಗಿಹೋಗಿತ್ತು. ನೆತ್ತಿಯ ಚರ್ಮದಡಿ ಅಪಧಮನಿ ಮತ್ತು ಅಭಿಧಮನಿ ನೇರವಾಗಿ ಕೂಡಿಕೊಂಡ ಗಂಟು. ಹಳಬರು ಇದನ್ನು ಸಿರ್ಸಾಯ್ಡ್ ಆನ್ಯೂರಿಸಂ ಎನ್ನುತ್ತಿದ್ದರು. ಈಗಿನವರು ಎವಿಎಂ ಎಂದು ಮೂರಕ್ಷರದಲ್ಲಿ ಮುಗಿಸುತ್ತಾರೆ.

ಅದು ಯಾಕೆ ಅಪಾಯ ಎಂದು ತಿಳಿಯಲು ನೆತ್ತಿಯ ರಚನೆ ಸ್ವಲ್ಪ ಗೊತ್ತಿರಬೇಕು. ತಲೆಬುರುಡೆಯ ಮೇಲಿರುವುದು ಬರೀ ಚರ್ಮವಲ್ಲ, ಐದು ಪದರ. ಮೇಲೆ ಕೂದಲು ಹೊತ್ತ ಚರ್ಮ, ಅದರ ಕೆಳಗೆ ನಾರುನಾರಾದ ಗಟ್ಟಿ ಪದರ, ಆಮೇಲೆ ಹಣೆಯಿಂದ ಹಿಂದಲೆಯವರೆಗೆ ಬಿಗಿದ ಹಾಳೆ, ಅದರಡಿ ಸಡಿಲ ಪದರ, ಕೊನೆಗೆ ಮೂಳೆಗೆ ಅಂಟಿದ ಪೊರೆ. ರಕ್ತನಾಳಗಳೆಲ್ಲ ಓಡುವುದು ಎರಡನೆಯ ಪದರದಲ್ಲಿ. ಬೇರೆ ಕಡೆ ರಕ್ತನಾಳ ಕತ್ತರಿಸಿದರೆ ಅದು ಮುದುಡಿ ಒಳಗೆ ಸರಿದು ತಾನೇ ಬಾಯಿ ಮುಚ್ಚಿಕೊಳ್ಳಲು ನೋಡುತ್ತದೆ. ನೆತ್ತಿಯಲ್ಲಿ ಸುತ್ತಲಿನ ನಾರು ಅದನ್ನು ಹಿಡಿದಿಟ್ಟಿರುವುದರಿಂದ ಬಾಯಿ ತೆರೆದೇ ಇರುತ್ತದೆ. ತಲೆಗೆ ಸಣ್ಣ ಗಾಯವಾದರೂ ಅಂಗಿ ತೊಯ್ಯುವಷ್ಟು ರಕ್ತ ಬರುವುದು ಇದಕ್ಕೇ. ಇನ್ನು ಅಲ್ಲಿ ಎವಿಎಂ ಗಂಟಿದ್ದರೆ?

ರಕ್ತ ಒದಗಿಸುವವರೂ ಒಬ್ಬಿಬ್ಬರಲ್ಲ. ಕಿವಿಯ ಮುಂದೆ ಬೆರಳಿಟ್ಟರೆ ಯಾರಿಗೂ ಸಿಗುವ ಮಿಡಿತ ಕಣತಲೆಯ ಅಪಧಮನಿಯದು. ನೆತ್ತಿಯ ಗಂಟುಗಳಿಗೆ ಹೆಚ್ಚಾಗಿ ರಕ್ತ ಹೋಗುವುದು ಇದರಿಂದಲೇ. ಹಿಂದಲೆಯಿಂದ ಒಂದು, ಕಿವಿಯ ಹಿಂದಿನಿಂದ ಒಂದು, ಹುಬ್ಬಿನ ಮೇಲಿನಿಂದ ಎರಡು ಸಣ್ಣವು. ಬಲಗಡೆಯವು ಎಡಗಡೆಯವುಗಳೊಂದಿಗೆ ನೆತ್ತಿಯ ಮೇಲೆ ಕೂಡಿಕೊಂಡಿವೆ. ಹುಬ್ಬಿನ ಮೇಲಿನವು ಮಾತ್ರ ಕಣ್ಣಿಗೆ ರಕ್ತ ಕೊಡುವ ನಾಳದ ಕವಲುಗಳು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಾಮಾನ್ಯವಾಗಿ ಅಪಧಮನಿಯ ರಕ್ತ ಕೂದಲೆಳೆಗಿಂತ ಸಣ್ಣ ಲೋಮನಾಳಗಳಲ್ಲಿ ಹಂಚಿಹೋಗಿ, ಒತ್ತಡವೆಲ್ಲ ಇಳಿದ ಮೇಲೆ ಅಭಿಧಮನಿ ಸೇರುತ್ತದೆ. ಕೆರೆಯ ತೂಬಿನಿಂದ ಹೊರಟ ನೀರು ಮಡಿಮಡಿಗೂ ಹಾದು ಕೊನೆಗೆ ಹಳ್ಳ ಸೇರುವಂತೆ. ಎವಿಎಂನಲ್ಲಿ ಆ ಮಡಿಗಳೇ ಇಲ್ಲ. ತೂಬಿನ ನೀರು ಗದ್ದೆಯನ್ನು ಬಿಟ್ಟು ನೇರ ಹಳ್ಳಕ್ಕೆ ನುಗ್ಗುತ್ತದೆ. ಹಳ್ಳದ ದಡ ಕೊರೆಯುತ್ತದೆ, ಗದ್ದೆ ಒಣಗುತ್ತದೆ. ತೆಳುಗೋಡೆಯ ಅಭಿಧಮನಿಗಳು ಊದಿ ಡೊಂಕಾಗುವುದೂ, ಗಂಟಿನ ಮೇಲಿನ ಚರ್ಮ ರಕ್ತವಿಲ್ಲದೆ ಸವೆದು ಹುಣ್ಣಾಗುವುದೂ ಹೀಗೆ. ಹರೆಯದಲ್ಲಿ ಮತ್ತು ಬಸಿರಿನಲ್ಲಿ ಗಂಟು ಬೇಗ ಬೆಳೆಯುವುದುಂಟು. ಮೊದಲು ಸುಮ್ಮನಿದ್ದು, ಆಮೇಲೆ ಬೆಳೆದು, ಆಮೇಲೆ ಚರ್ಮ ಒಡೆದು, ತೀರಾ ದೊಡ್ಡದಾದರೆ ಹೃದಯಕ್ಕೇ ಹೊರೆಯಾಗುವ ನಾಲ್ಕು ಹಂತಗಳನ್ನು ವೈದ್ಯರು ಗುರುತಿಸುತ್ತಾರೆ. ಈ ಹುಡುಗ ಎರಡನೆಯದರಲ್ಲಿದ್ದ.

"ಕುಕ್ಕೆಗೂ ಹೋಗಿ ಬಂದ್ವಿ ಸಾರ್" ಎಂದರು ತಾಯಿ, ಕೇಳದಿದ್ದರೂ. ತಲೆಯ ಮೇಲೆ ಹಾವಿನ ಹಾಗೆ ಹರಿದದ್ದನ್ನು ಕಂಡ ಊರಿನವರು ನಾಗದೋಷವೆಂದಿದ್ದರು. ಆಕೆಯ ಅಳುಕು ಬೇರೆ. ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದರಂತೆ. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಗ್ರಹಣದಿಂದ ಅಲ್ಲಮ್ಮಾ. ಮಗು ಗರ್ಭದಲ್ಲಿ ಬೆಳೆಯುವಾಗ ಅಲ್ಲಿನ ಒಂದಷ್ಟು ಜೀವಕೋಶಗಳಲ್ಲಿ ಆಗೋ ತಪ್ಪು. ನಿಮ್ಮಿಂದ ಬಂದಿದ್ದೂ ಅಲ್ಲ, ಇವನ ಮಕ್ಕಳಿಗೆ ಹೋಗೋದೂ ಅಲ್ಲ" ಎಂದರು. ಇದು ಬರೀ ಸಮಾಧಾನದ ಮಾತಲ್ಲ. 2017ರಲ್ಲಿ ಬಾಸ್ಟನ್ನಿನ ಸಂಶೋಧಕರು ತಲೆಬುರುಡೆಯ ಹೊರಗಿನ ಇಂಥ ಗಂಟುಗಳ ಅಂಗಾಂಶದಲ್ಲಿ ಎಂಎಪಿ2ಕೆ1 ಎಂಬ ವಂಶವಾಹಿಯ ದೋಷ ಕಂಡರು. ಅದು ಇದ್ದದ್ದು ಗಂಟಿನಲ್ಲಿ, ಇಡೀ ಮೈಯಲ್ಲಲ್ಲ. ಹದಿನೇಳು ವರ್ಷ ಹೊತ್ತ ಅಪರಾಧವನ್ನು ಆ ತಾಯಿ ಅಲ್ಲೇ ಪೂರ್ತಿ ಇಳಿಸಿದರೆಂದು ಹೇಳಲಾರೆ. ಆದರೆ ಅದೇ ಮಾತನ್ನು ಎರಡು ಸಲ ಹೇಳಿಸಿಕೊಂಡರು.

ಡಾಕ್ಟರು ಆಮೇಲೆ ಹುಡುಗನ ಕಿವಿಯ ಮುಂದಿನ ಮಿಡಿತವನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದರು. ಗಂಟು ಸ್ವಲ್ಪ ಮೆತ್ತಗಾಯಿತು. ಆದರೆ ಮಿಡಿತ ನಿಲ್ಲಲಿಲ್ಲ. ಹಿಂದಲೆಯಲ್ಲೂ ಒತ್ತಿದರು, ಇನ್ನಷ್ಟು ಇಳಿಯಿತು, ಆದರೂ ನಿಲ್ಲಲಿಲ್ಲ. "ನೋಡಿ" ಎಂದರು ಪಕ್ಕದ ಕಿರಿಯ ವೈದ್ಯೆಗೆ, "ಇದನ್ನೇ ನೆನಪಿಡಿ."

ನೆನಪಿಡಬೇಕಾದ್ದು ಏನೆಂದು ಮುಂದಿನ ರೋಗಿಯೇ ತೋರಿಸಿಬಿಟ್ಟರು. ನಡುವಯಸ್ಸಿನ ಆಸಾಮಿ, ಕತ್ತಿನಲ್ಲಿ ಹೊಲಿಗೆಯ ಹಳೇ ಕಲೆ. ಎಲ್ಲೋ ಒಂದು ಕಡೆ ಇಂಥದೇ ಗಂಟಿಗೆಂದು ಕತ್ತಿನ ಹೊರ ಕ್ಯಾರೋಟಿಡ್ ಅಪಧಮನಿಯನ್ನೇ ಕಟ್ಟಿ ಕಳಿಸಿದ್ದರು. ಕೆಲವು ತಿಂಗಳು ಗಂಟು ಕುಗ್ಗಿತ್ತು. ಆಮೇಲೆ ಎದುರುಗಡೆಯಿಂದ, ಹಣೆಯಿಂದ, ಹಿಂದಲೆಯಿಂದ ಹೊಸ ನಾಳಗಳು ಬಂದು ಸೇರಿಕೊಂಡು ಮೊದಲಿಗಿಂತ ದೊಡ್ಡದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯರು ಯೂರೋಪಿನಲ್ಲಿ ಇದನ್ನೇ ಮಾಡಿ ಇದೇ ಪಾಠ ಕಲಿತಿದ್ದರು. ಒಂದು ತೂಬು ಮುಚ್ಚಿದರೆ ನೀರು ಬೇರೆ ದಾರಿ ಹುಡುಕುತ್ತದೆ. ಮುಚ್ಚಬೇಕಾದ್ದು ಎರಡೂ ಕೂಡುವ ಜಾಗವನ್ನು. ಕತ್ತಿನಲ್ಲಿ ಕಟ್ಟಿದ್ದರಿಂದ ಇನ್ನೊಂದು ನಷ್ಟವೂ ಆಗುತ್ತದೆ. ಮುಂದೆ ಒಳಗಿನಿಂದ ನಳಿಕೆ ತೂರಿಸಿ ಗಂಟನ್ನು ತಲುಪಬೇಕಾದ ಬಾಗಿಲೇ ಮುಚ್ಚಿಹೋಗುತ್ತದೆ. ಆ ಆಸಾಮಿಯ ಫಿಲ್ಮನ್ನು ಬೆಳಕಿಗೆ ಹಿಡಿದ ಡಾಕ್ಟರ ಮುಖದಲ್ಲಿ ಕಂಡದ್ದು ಆ ಬೇಸರ.

ಹುಡುಗನಿಗೆ ಮಾಡಿದ, ಬೆರಳಿನಿಂದ ಅದುಮಿ ನೋಡುವ ಪರೀಕ್ಷೆ ಬಲು ಹಳೆಯದು. 1757ರಲ್ಲಿ ಲಂಡನ್ನಿನ ವಿಲಿಯಂ ಹಂಟರ್ ಮೊಣಕೈ ಮಡಿಕೆಯಲ್ಲಿ ಇಂಥದೇ ಕೂಡುವಿಕೆಯನ್ನು ವಿವರಿಸಿದ. ಆಗ ಯಾವ ಕಾಯಿಲೆಗೂ ರಕ್ತ ಹರಿಸುವುದೇ ಮದ್ದು. ಚೂರಿಯ ಮೊನೆ ಅಭಿಧಮನಿಯನ್ನು ದಾಟಿ ಕೆಳಗಿನ ಅಪಧಮನಿಗೂ ತಗುಲಿದರೆ ಎರಡು ಗಾಯಗಳೂ ಒಂದಕ್ಕೊಂದು ಕೂಡಿಕೊಂಡು ಮಾಯುತ್ತಿದ್ದವು. ಅಲ್ಲಿನ ನಡುಕ, ಬುಸುಗುಟ್ಟುವ ಸದ್ದು ಎರಡನ್ನೂ ಹಂಟರ್ ಬರೆದಿಟ್ಟ. ಸ್ಟೆತಸ್ಕೋಪ್ ಬರಲು ಇನ್ನೂ ಆರು ದಶಕವಿತ್ತು. 1875ರಲ್ಲಿ ನಿಕೊಲಡೋನಿ, 1890ರಲ್ಲಿ ಬ್ರಾನಮ್ ಎಂಬ ವೈದ್ಯರು, ದೊಡ್ಡ ಕೂಡುವಿಕೆಯನ್ನು ಅದುಮಿ ಹಿಡಿದರೆ ಹೃದಯದ ಬಡಿತ ನಿಧಾನವಾಗುವುದನ್ನು ಗಮನಿಸಿದರು. ಈಗಲೂ ವೈದ್ಯ ವಿದ್ಯಾರ್ಥಿಗಳು ಆ ಜೋಡಿ ಹೆಸರನ್ನು ಬಾಯಿಪಾಠ ಮಾಡುತ್ತಾರೆ.

ತಲೆಯ ಮೇಲಿನ ಕೆಂಪು ಗಂಟೆಲ್ಲ ಎವಿಎಂ ಅಲ್ಲ. ಆ ಬೆಳಿಗ್ಗೆಯೇ ಮೂರು ತಿಂಗಳ ಕೂಸೊಂದನ್ನು ಅಜ್ಜಿ ಎತ್ತಿಕೊಂಡು ಬಂದಿದ್ದರು. ನೆತ್ತಿಯಲ್ಲಿ ಕಡುಕೆಂಪು ದಪ್ಪ ಮಚ್ಚೆ. ಹುಟ್ಟಿದಾಗ ಇರಲಿಲ್ಲ, ಎರಡನೆಯ ವಾರದಲ್ಲಿ ಕಾಣಿಸಿಕೊಂಡಿತಂತೆ. ಅದು ಹೆಮಾಂಜಿಯೋಮ. ಕೆಲವು ತಿಂಗಳು ಭರದಿಂದ ಬೆಳೆದು, ಆಮೇಲೆ ವರ್ಷಗಳ ಮೇಲೆ ತಾನಾಗಿ ಕುಗ್ಗುವ ಜಾತಿ. ಬೆಳೆಯುವ ಗಡ್ಡೆ ಬೇರೆ, ಹುಟ್ಟಿನಿಂದ ತಪ್ಪಾಗಿ ಜೋಡಣೆಯಾದ ನಾಳಗಳು ಬೇರೆ ಎಂದು ಇವೆರಡನ್ನೂ ಖಚಿತವಾಗಿ ಬೇರ್ಪಡಿಸಿದವರು 1982ರಲ್ಲಿ ಮಲಿಕನ್ ಮತ್ತು ಗ್ಲೊವಾಕಿ. ಹೆಮಾಂಜಿಯೋಮಕ್ಕೆ ಮದ್ದು ಸಿಕ್ಕಿದ್ದೊಂದು ಆಕಸ್ಮಿಕ. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಅಂಥ ಗಡ್ಡೆಯಿದ್ದ ಮಗುವಿಗೆ ಹೃದಯದ ತೊಂದರೆಗೆಂದು ಪ್ರೊಪ್ರಾನೊಲಾಲ್ ಕೊಟ್ಟರು. ಗಡ್ಡೆಯೇ ಮಂಕಾಗಿ ಮೆತ್ತಗಾಯಿತು. ಕ್ರಿಸ್ಟೀನ್ ಲೆಯೋಟೆ-ಲಬ್ರೇಜ್ ಮತ್ತು ಸಂಗಡಿಗರು 2008ರಲ್ಲಿ ಅದನ್ನು ಪ್ರಕಟಿಸಿದ ಮೇಲೆ ಮಕ್ಕಳ ತಲೆಗೆ ಕತ್ತಿ ಹಾಕುವುದು ಬಹಳ ಕಡಿಮೆಯಾಯಿತು. ಔಷಧಿ ಅಗ್ಗ, ಆದರೆ ಅಂಗಡಿಯಿಂದ ತಂದು ತಾವೇ ಕೊಡುವಂಥದಲ್ಲ. ಕೂಸಿನ ಸಕ್ಕರೆ ಅಂಶವೂ ನಾಡಿಯೂ ಇಳಿಯಬಹುದು. ಹಾಲು ಕುಡಿಸಿಯೇ ಕೊಡಬೇಕು, ಲೆಕ್ಕ ತಪ್ಪಬಾರದು.

ಇನ್ನೊಂದು ಜಾತಿ ಮೋಸದ್ದು. ಮಗು ಅತ್ತಾಗ ಅಥವಾ ತಲೆ ತಗ್ಗಿಸಿದಾಗ ಊದುತ್ತದೆ, ಎದ್ದು ನಿಂತರೆ ಮಾಯ. ಮಿಡಿತವಿಲ್ಲ, ಸದ್ದಿಲ್ಲ. ಸೈನಸ್ ಪೆರಿಕ್ರೇನಿಯೈ ಎಂದು 1850ರಲ್ಲಿ ಜರ್ಮನಿಯ ಸ್ಟ್ರೊಮೇಯರ್ ಹೆಸರಿಟ್ಟದ್ದು ಇದಕ್ಕೆ. ತಲೆಬುರುಡೆಯ ತೂತಿನ ಮೂಲಕ ಮಿದುಳಿನ ದೊಡ್ಡ ಅಭಿಧಮನಿಗೆ ಸಂಪರ್ಕವಿರುತ್ತದೆ. ಒಮ್ಮೊಮ್ಮೆ ಮಿದುಳಿನ ರಕ್ತ ಹೊರಬರುವ ಮುಖ್ಯ ದಾರಿಯೇ ಅದಾಗಿರುತ್ತದೆ. ಚಿತ್ರ ತೆಗೆಸದೆ ಅದನ್ನು ಕತ್ತರಿಸಲು ಹೊರಟವರ ಧೈರ್ಯಕ್ಕೆ ಏನನ್ನಬೇಕೋ ತಿಳಿಯದು. ಇನ್ನು ಕ್ರಿಕೆಟ್ ಚೆಂಡೋ ದೊಣ್ಣೆಯೋ ಕಣತಲೆಗೆ ಬಡಿದು, ಕೆಲವು ವಾರದ ಮೇಲೆ ಅಲ್ಲೊಂದು ಮಿಡಿಯುವ ಗೋಲಿ ಎದ್ದರೆ ಅದು ಗಾಯಗೊಂಡ ಅಪಧಮನಿಯ ಹುಸಿ ಚೀಲ. ಇದೊಂದರಲ್ಲಿ ಮಾತ್ರ ಎರಡೂ ತುದಿ ಕಟ್ಟಿ ತೆಗೆದರೆ ಕೆಲಸ ಮುಗಿಯುತ್ತದೆ, ಏಕೆಂದರೆ ಇಲ್ಲಿ ನಾಳ ಒಂದೇ.

ಶಿರಾ ಕಡೆಯ ಹುಡುಗನಿಗೆ ರಕ್ತದ ಹರಿವು ತೋರಿಸುವ ಡಾಪ್ಲರ್ ಆಯಿತು, ಸಿಟಿ ಆಂಜಿಯೋ ಆಯಿತು, ಗಂಟಿಗೂ ಮಿದುಳಿಗೂ ಸಂಪರ್ಕವಿಲ್ಲ ಎಂದು ಎಂಆರ್‌ಐ ಹೇಳಿತು. ಕೊನೆಗೆ ಕ್ಯಾತ್‌ಲ್ಯಾಬ್.

ಆ ಕೋಣೆಯ ಚಳಿ ಯಂತ್ರಗಳಿಗಾಗಿ, ಮನುಷ್ಯರಿಗಾಗಿ ಅಲ್ಲ. ಎಲ್ಲರ ಮೈಮೇಲೂ ಸೀಸದ ಏಪ್ರನ್. ತೊಡೆಸಂದಿನ ಅಪಧಮನಿಗೆ ಸೂಜಿ, ಸೂಜಿಯೊಳಗೆ ತಂತಿ, ತಂತಿಯ ಮೇಲೆ ಜಾರುವ ನಳಿಕೆ: ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ತೋರಿಸಿಕೊಟ್ಟ ಈ ಉಪಾಯವಿಲ್ಲದೆ ಇವತ್ತಿನ ಹೃದಯದ ಸ್ಟೆಂಟೂ ಇಲ್ಲ, ಮಿದುಳಿನ ಆಂಜಿಯೋವೂ ಇಲ್ಲ. ಅದಕ್ಕೂ ಮೊದಲು, 1927ರಲ್ಲಿ, ಲಿಸ್ಬನ್ನಿನ ಎಗಾಸ್ ಮೊನೀಜ್ ಕತ್ತನ್ನು ಕೊಯ್ದು ಅಪಧಮನಿಗೆ ಬಣ್ಣ ಸೇರಿಸಿ ಮಿದುಳಿನ ನಾಳಗಳ ಮೊದಲ ಚಿತ್ರ ತೆಗೆದಿದ್ದ.

ಅಯೋಡಿನ್ ದ್ರವ ಒಳಗೆ ಹೋಗುತ್ತದೆ. ಮೂಳೆಯ ಚಿತ್ರವನ್ನು ಕಂಪ್ಯೂಟರ್ ಕಳೆದುಬಿಡುವುದರಿಂದ ತೆರೆಯ ಮೇಲೆ ನಾಳಗಳಷ್ಟೇ ಕಪ್ಪಗೆ ಮೂಡುತ್ತವೆ. ಮೊದಲು ಅಪಧಮನಿ, ಆಮೇಲೆ ಮಸುಕು, ಕೆಲವು ಸೆಕೆಂಡಿನ ಮೇಲೆ ಅಭಿಧಮನಿ. ಇದು ಸರಿಯಾದ ಕ್ರಮ. ಹುಡುಗನ ತಲೆಯಲ್ಲಿ ಮಸುಕಿನ ಘಟ್ಟವೇ ಇಲ್ಲ. ಅಪಧಮನಿ ಕಪ್ಪಾದ ಮರುಕ್ಷಣವೇ ಇಡೀ ಸುರುಳಿ ಕಪ್ಪಾಯಿತು. ಬಲ, ಎಡ, ಹೊರ ಕ್ಯಾರೋಟಿಡ್, ಒಳ ಕ್ಯಾರೋಟಿಡ್ ಎಂದು ಒಂದೊಂದೇ ನಾಳಕ್ಕೆ ದ್ರವ ಬಿಟ್ಟು ನೋಡಿದರು. ಹುಬ್ಬಿನ ಕಡೆಯಿಂದಲೂ ಒಂದು ಎಳೆ ಬಂದು ಸೇರಿತ್ತು. "ಕಣ್ಣು" ಎಂದರು ಹಿರಿಯ ವೈದ್ಯರು, ಅಷ್ಟೇ. ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾಯಿತು. ಗಂಟನ್ನು ಮುಚ್ಚಲು ಬಿಡುವ ಅಂಟು ಆ ಎಳೆಯಿಂದ ಹಿಂದಕ್ಕೆ ಹರಿದು ಕಣ್ಣಿನ ನಾಳ ಸೇರಿದರೆ ದೃಷ್ಟಿ ಹೋದಂತೆ. ಆ ದಾರಿಗೆ ಕೈಹಾಕಬಾರದು ಎಂದು ತೀರ್ಮಾನವಾಯಿತು.

ಅಂಟು ಅಂದರೆ ನಿಜವಾಗಿಯೂ ಅಂಟು. ಮನೆಯಲ್ಲಿ ಮುರಿದ ಪಿಂಗಾಣಿ ಕೂಡಿಸುವ ಫೆವಿಕ್ವಿಕ್ ಇರುವುದೂ ಇದರ ವಂಶದಲ್ಲೇ. ಇದು ವೈದ್ಯಕೀಯ ದರ್ಜೆಯದು. ಗಸಗಸೆ ಎಣ್ಣೆಗೆ ಅಯೋಡಿನ್ ಸೇರಿಸಿದ ಲಿಪಿಯೋಡಾಲ್ ಜೊತೆ ಬೆರೆಸುತ್ತಾರೆ. ಎಣ್ಣೆ ಇದ್ದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಎಣ್ಣೆ ಹೆಚ್ಚಾದಷ್ಟೂ ಅಂಟು ನಿಧಾನಕ್ಕೆ ಬಿಗಿಯುತ್ತದೆ. ಗಂಟಿನೊಳಗಿನ ರಕ್ತದ ವೇಗ ನೋಡಿ ಆ ಪ್ರಮಾಣ ಇಟ್ಟುಕೊಳ್ಳುವುದೇ ಕೈಗುಣ. ರಕ್ತ ತಾಗಿದೊಡನೆ ಗಟ್ಟಿಯಾಗುವುದರಿಂದ ನಳಿಕೆಯನ್ನು ಮೊದಲು ಗ್ಲೂಕೋಸ್ ನೀರಿನಿಂದ ತೊಳೆದಿರಬೇಕು. ಬೇಗ ಬಿಗಿದರೆ ಅಂಟು ನಾಳದ ಬಾಯಲ್ಲೇ ನಿಲ್ಲುತ್ತದೆ. ಆಗ ಕತ್ತಿನಲ್ಲಿ ಕಟ್ಟಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ತಡವಾದರೆ ಗಂಟನ್ನು ದಾಟಿ ಶ್ವಾಸಕೋಶದ ಕಡೆಗೆ ಹೋದೀತು. ನೆತ್ತಿಯ ಗಂಟಿಗೆ ಒಂದು ಅನುಕೂಲವಿದೆ: ಕೈಗೆ ಸಿಗುತ್ತದೆ. ಸೂಜಿಯನ್ನು ಚರ್ಮದ ಮೂಲಕ ನೇರ ಗಂಟಿಗೇ ಚುಚ್ಚಿ, ಸುತ್ತಲೂ ಪ್ಲಾಸ್ಟಿಕ್ ಉಂಗುರವೊಂದನ್ನು ಬಲವಾಗಿ ಒತ್ತಿ ಹಿಡಿಯುತ್ತಾರೆ. ರಕ್ತ ಹೊರಹೋಗುವ ದಾರಿ ಆ ಹೊತ್ತಿಗೆ ಮುಚ್ಚಿರುತ್ತದೆ, ಅಂಟು ಅಲ್ಲೇ ನಿಂತು ಬಿಗಿಯುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಕೆಳಗೆ, ಹತ್ತು ರೂಪಾಯಿ ಬಾಳದ ಆ ಉಂಗುರವನ್ನು ಕಿರಿಯ ವೈದ್ಯೆ ತೋಳು ನಡುಗುವ ತನಕ ಒತ್ತಿ ಹಿಡಿದಿದ್ದಳು.

ಆನಿಕ್ಸ್ ಎಂಬ ಇನ್ನೊಂದು ದ್ರವವೂ ಇದೆ. ನಿಧಾನವಾಗಿ ಹರಡಿ ಗಂಟಿನ ಮೂಲೆಮೂಲೆಗೂ ಹೋಗುತ್ತದೆ. ಆದರೆ ಅದರಲ್ಲಿನ ಟ್ಯಾಂಟಲಮ್ ಪುಡಿ ಕಪ್ಪು. ತೆಳುಚರ್ಮದಡಿ ಹಚ್ಚೆ ಹಾಕಿದಂತೆ ಉಳಿದುಬಿಡಬಹುದು. ಆನಿಕ್ಸನ್ನು ಕರಗಿಸುವ ದ್ರಾವಕ ಉಸಿರಿನಲ್ಲಿ ಹೊರಬರುವಾಗ ಬೆಳ್ಳುಳ್ಳಿ ವಾಸನೆ. ಮನೆಯಲ್ಲಿ ಬೆಳ್ಳುಳ್ಳಿ ಮುಟ್ಟದವರ ಬಾಯಲ್ಲೂ ಒಂದೆರಡು ದಿನ ಅದೇ ಘಮ. ವಾರ್ಡಿನ ಸಿಸ್ಟರುಗಳು ಮೊದಲೇ ಎಚ್ಚರಿಸುತ್ತಾರೆ, ಇಲ್ಲದಿದ್ದರೆ ಮನೆಯವರು ಹೋಟೆಲ್ ಊಟದ ಮೇಲೆ ಅನುಮಾನಪಡುತ್ತಾರೆ.

ಸಣ್ಣ ಗಂಟಾದರೆ ಅಂಟಿನಲ್ಲೇ ಮುಗಿಯುತ್ತದೆ. ಈ ಹುಡುಗನದು ದೊಡ್ಡದು, ಅಂಟು ಹಾಕಿ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ. ರಕ್ತನಿಧಿಯಲ್ಲಿ ರಕ್ತ ಕಾದಿರಿಸಿ, ಗಂಟಿನ ಸುತ್ತಲೂ ಚರ್ಮದಿಂದ ಮೂಳೆಯವರೆಗೆ ಬಿಗಿ ಹೊಲಿಗೆ ಹಾಕುತ್ತಾರೆ. ಹೊರಗಿನಿಂದ ಬರುವ ರಕ್ತಕ್ಕೆ ಅದೇ ತಡೆ. ಆಮೇಲೆ ಚರ್ಮವನ್ನು ಅರೆಚಂದ್ರಾಕಾರದಲ್ಲಿ ಮಗುಚಿ, ಕೂದಲ ಬೇರುಗಳಿಗೆ ಪೆಟ್ಟಾಗದಂತೆ, ಗಟ್ಟಿಯಾದ ಸುರುಳಿಯನ್ನು ಅಂಗುಲ ಅಂಗುಲವಾಗಿ ಬಿಡಿಸುತ್ತಾರೆ. ಚರ್ಮಕ್ಕೆ ಹತ್ತಿರ ಕೊಯ್ದಷ್ಟೂ ಚರ್ಮಕ್ಕೆ ಅಪಾಯ, ದೂರ ಉಳಿದಷ್ಟೂ ಗಂಟಿನ ಚೂರು ಉಳಿಯುವ ಭಯ. ಚರ್ಮವೇ ಕೆಟ್ಟಿದ್ದರೆ ಅದನ್ನೂ ತೆಗೆಯಬೇಕು. ಅಂಥವರಿಗೆ ಪಕ್ಕದ ಚರ್ಮದಡಿ ಸಿಲಿಕೋನ್ ಬಲೂನಿಟ್ಟು, ವಾರವಾರ ಉಪ್ಪುನೀರು ತುಂಬಿ, ಕೂದಲಿರುವ ಚರ್ಮವನ್ನೇ ಹಿಗ್ಗಿಸಿ ತಂದು ಮುಚ್ಚುವುದುಂಟು. ಈ ಹುಡುಗನಿಗೆ ಅದು ಬೇಕಾಗಲಿಲ್ಲ. ಎಚ್ಚರವಾದ ಮೇಲೆ ಅವನು ಕೇಳಿದ್ದು ಒಂದೇ, ಕಟಿಂಗ್ ಶಾಪಿಗೆ ಯಾವಾಗ ಹೋಗಬಹುದು ಎಂದು. ಟೋಪಿಯನ್ನು ತಾಯಿ ಚೀಲಕ್ಕೆ ತುರುಕಿದ್ದರು.

ಗಂಟಿನ ಚೂರು ಉಳಿದರೆ ಮತ್ತೆ ಬೆಳೆಯಬಹುದು, ಹಾಗಾಗಿ ಅವನು ವರ್ಷಗಳ ಕಾಲ ತೋರಿಸಿಕೊಳ್ಳುತ್ತಿರಬೇಕು.

ಓದುತ್ತಿರುವವರಿಗೆ ಇಷ್ಟು ಹೇಳಬೇಕು. ಮಗುವಿಗೆ ಎಣ್ಣೆ ಹಚ್ಚುವಾಗ, ತಲೆ ಬಾಚುವಾಗ ಬೆರಳಿಗೆ ಮೆತ್ತನೆಯ ಗಂಟು ಸಿಕ್ಕಿ ಅದು ಮಿಡಿಯುತ್ತಿದ್ದರೆ, ಅಥವಾ ಅತ್ತಾಗ ಊದುತ್ತಿದ್ದರೆ, ಅದನ್ನು ತಿಕ್ಕಬೇಡಿ, ಹಿಸುಕಬೇಡಿ, ಸುಡಿಸಬೇಡಿ. ಕೊಬ್ಬಿನ ಗಡ್ಡೆ, ಹತ್ತು ನಿಮಿಷದ ಕೆಲಸ ಎಂದು ಯಾರಾದರೂ ಕತ್ತಿ ಹಿಡಿದರೆ, ಮೊದಲು ಸ್ಟೆತಸ್ಕೋಪ್ ಇಟ್ಟು ಕೇಳಲು, ಡಾಪ್ಲರ್ ಮಾಡಿಸಲು ಹೇಳಿ. ಗಂಟು ಒಡೆದು ರಕ್ತ ಬಂದರೆ ಶುಚಿಯಾದ ಬಟ್ಟೆಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಕೈ ತೆಗೆಯದೆ ಆಸ್ಪತ್ರೆಗೆ ಹೊರಡಿ. ನರಶಸ್ತ್ರಚಿಕಿತ್ಸೆಯೂ ಕ್ಯಾತ್‌ಲ್ಯಾಬೂ ಎರಡೂ ಇರುವ ಕಡೆಗೇ ಹೋಗಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಯಾವ ಚಿಕಿತ್ಸೆಗೆ ಎಷ್ಟು ಸಿಗುತ್ತದೆಂದು ಆಸ್ಪತ್ರೆ ಸೇರುವ ಮೊದಲೇ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ, ಕಾರ್ಡನ್ನು ಮನೆಯಲ್ಲಿ ಬಿಟ್ಟು ಬರಬೇಡಿ.